ಇದು ಗಂಟಲ್ಲ, ಗಂಟಲಮಣಿ

ಮೊನ್ನೆ ಒಬ್ಬ ತಾಯಿ 14 ವರ್ಷದ ಮಗನನ್ನು ಕರೆತಂದರು. "ಡಾಕ್ಟ್ರೇ, ಇವನ ಗಂಟಲಲ್ಲಿ ಗಂಟು ಎದ್ದಿದೆ. ಹೋದ ವರ್ಷ ಇರಲಿಲ್ಲ." ಮುಟ್ಟಿ ನೋಡಿದೆ. ನಟ್ಟನಡುವೆ ಇತ್ತು, ಗಟ್ಟಿಯಾಗಿತ್ತು, ಎರಡೂ ಕಡೆ ಒಂದೇ ಸಮ. ಗಂಟಲಮಣಿ ಅಷ್ಟೇ.

ಚೀಟಿಯಲ್ಲಿ 'ಲ್ಯಾರಿಂಜಿಯಲ್ ಪ್ರಾಮಿನೆನ್ಸ್, ನಾರ್ಮಲ್' ಎಂದು ಬರೆದೆ. ಅಂದರೆ ಧ್ವನಿಪೆಟ್ಟಿಗೆಯ ಉಬ್ಬು, ಸಹಜ. ಹುಡುಗ ಇಣುಕಿ ಓದಿದ. "ಬೆಟ್ಟಕ್ಕೂ ಇದೇ ಪದ ಅಲ್ವಾ ಡಾಕ್ಟ್ರೇ?"

ಹೌದು, ಪದ ಅದೇ. ಬೆಟ್ಟದ ಲೆಕ್ಕದಲ್ಲಿ ಪ್ರಾಮಿನೆನ್ಸ್ ಅಂದರೆ ಎತ್ತರವಲ್ಲ. ಒಂದು ಶಿಖರದಿಂದ ಅದಕ್ಕಿಂತ ಎತ್ತರದ ಇನ್ನೊಂದಕ್ಕೆ ಹೋಗಲು ಕಡಿಮೆಯೆಂದರೂ ಎಷ್ಟು ಇಳಿಯಬೇಕು, ಅಷ್ಟು. ಲೋತ್ಸೆ 8,516 ಮೀಟರ್, ಜಗತ್ತಿನಲ್ಲೇ ನಾಲ್ಕನೆಯದು. ಆದರೆ ಪಕ್ಕದಲ್ಲೇ ಎವರೆಸ್ಟ್ ಇದೆ. ನಡುವಿನ ಕಣಿವೆಗೆ ಸುಮಾರು 610 ಮೀಟರ್ ಇಳಿದರೆ ಸಾಕು. ಕೇರಳದ ಆನೆಮುಡಿ ಬರೀ 2,695 ಮೀಟರ್. ಆದರೆ ಅದರ ಪ್ರಾಮಿನೆನ್ಸ್ 2,479!

ಗಂಟಲಿನ ಕಥೆಯೂ ಹೀಗೆಯೇ. ಧ್ವನಿಪೆಟ್ಟಿಗೆಯ ಮುಂದೆ ಮೃದ್ವಸ್ಥಿಯ ಎರಡು ಹಲಗೆಗಳು ಅರೆತೆರೆದ ಪುಸ್ತಕದ ಹಾಗೆ ಕೂಡುತ್ತವೆ. ಗಂಡಸರಲ್ಲಿ ಆ ಕೋನ ಸುಮಾರು 90 ಡಿಗ್ರಿ, ಹೆಂಗಸರಲ್ಲಿ 120. ಕೋನ ಕಿರಿದಾದಷ್ಟೂ ಉಬ್ಬು ಎದ್ದು ಕಾಣುತ್ತದೆ. ಈ ಹುಡುಗ ಸಣಕಲ ಬೇರೆ. ಮುಚ್ಚಿಕೊಳ್ಳಲು ಸುತ್ತ ಕೊಬ್ಬಿಲ್ಲ.

ಸೂರ್ಯನಿಗೂ ಇದೇ ಪದ ಬಳಸುತ್ತಾರೆ, ಅದು ನನಗೆ ಬಲು ಇಷ್ಟ. ಅಲ್ಲಿ ಪ್ರಾಮಿನೆನ್ಸ್ ಎಂದರೆ ಕಾಂತಕ್ಷೇತ್ರ ಎತ್ತಿ ಹಿಡಿದ ಪ್ಲಾಸ್ಮಾದ, ಅಂದರೆ ವಿದ್ಯುದಾವೇಶವಿರುವ ಬಿಸಿ ಅನಿಲದ, ಕಮಾನು. ಬೆಂಕಿಯ ನಾಲಿಗೆಯಂತೆ ಕಂಡರೂ ಅಲ್ಲಿ ಏನೂ ಉರಿಯುತ್ತಿಲ್ಲ. ಸುತ್ತಲಿನ ಕರೋನಾಗಿಂತ, ಅಂದರೆ ಸೂರ್ಯನ ಹೊರ ವಾತಾವರಣಕ್ಕಿಂತ, ಅದು ಎಷ್ಟೋ ತಣ್ಣಗಿರುತ್ತದೆ. ಸೂರ್ಯನ ಅಂಚಿನಲ್ಲಿ, ಕಪ್ಪು ಆಕಾಶದ ಎದುರು, ಕೆಂಪಗೆ ಹೊಳೆಯುತ್ತದೆ. ಸೂರ್ಯ ತಿರುಗಿ ಅದು ಬಿಂಬದ ಮೇಲೆ ಬಂದಾಗ ವಿಶೇಷ ಸೋಸುಗಾಜಿನಲ್ಲಿ ಕಪ್ಪು ದಾರದಂತೆ ಕಾಣುತ್ತದೆ. ಆಗ ಹೆಸರೂ ಬೇರೆ, ಫಿಲಮೆಂಟ್. 1868ರ ಆಗಸ್ಟ್ 18ರ ಗ್ರಹಣದಲ್ಲಿ ಗುಂಟೂರಿನಿಂದ ಇವನ್ನು ನೋಡಿದ ಫ್ರೆಂಚ್ ವಿಜ್ಞಾನಿ ಜಾನ್ಸೆನ್, ಮರುದಿನ ಗ್ರಹಣವಿಲ್ಲದೆಯೂ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದಲ್ಲಿ ಪತ್ತೆ ಮಾಡಿದರು.

ಒಂದು ಎಚ್ಚರಿಕೆ. ನುಂಗುವಾಗ ಮೇಲೇರುವ ಗಂಟಿಗೆ ಹೆದರಬೇಡಿ ಎಂದು ಕೆಲವರು ಹೇಳುತ್ತಾರೆ. ತಪ್ಪು. ಥೈರಾಯ್ಡ್ ಗ್ರಂಥಿಯ ಗಂಟೂ ಹಾಗೆಯೇ ಮೇಲೇರುತ್ತದೆ. ಗಂಟು ಒಂದೇ ಪಕ್ಕಕ್ಕಿದ್ದರೆ, ಬೆಳೆಯುತ್ತಿದ್ದರೆ, ನುಂಗಲು ಕಷ್ಟವಾದರೆ, ದಯವಿಟ್ಟು ತೋರಿಸಿ. ಸುಮ್ನೆ ಕಾಯಬೇಡಿ.

ಹೊರಡುವಾಗ ಆ ತಾಯಿ ಮಗನ ತಲೆ ಬಗ್ಗಿಸಿದರು. "ಹಿಂದೆಯೂ ಒಂದಿದೆ, ನೋಡಿ." ಅದು ಕತ್ತಿನ ಏಳನೇ ಮೂಳೆ. ಅದರ ಲ್ಯಾಟಿನ್ ಹೆಸರಲ್ಲೂ ಇದೇ ಪದವಿದೆ, ವರ್ಟಿಬ್ರಾ ಪ್ರಾಮಿನೆನ್ಸ್. "ನಿಮ್ಮ ಕತ್ತು ಮುಟ್ಟಿಕೊಳ್ಳಿ ಅಮ್ಮ" ಎಂದೆ. ಮುಟ್ಟಿಕೊಂಡರು. ಅವರಿಗೂ ಇತ್ತು.