ಬಿಳಚುವ ಬೆರಳಿಗೆ ಥರ್ಮಲ್ ಕ್ಯಾಮೆರಾ ಹಿಡಿದರೆ ಏನು ಗೊತ್ತಾಗುತ್ತೆ?

ಪ್ರಶ್ನೆ: ದಾವಣಗೆರೆಯಲ್ಲಿ ಹಾಲಿನ ಬೂತ್ ನಡೆಸುತ್ತೇನೆ. ವಯಸ್ಸು 34. ಬೆಳಗಿನ ಜಾವ ಐದು ಗಂಟೆಗೆ ತಣ್ಣನೆಯ ಪ್ಯಾಕೆಟ್ ಎಣಿಸಿ ಜೋಡಿಸುವಾಗ ಬೆರಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಮರಗಟ್ಟುತ್ತವೆ. ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಾಗಿ ಉರಿಯುತ್ತವೆ. ಥರ್ಮಲ್ ಕ್ಯಾಮೆರಾದಲ್ಲಿ ನೋಡಿಸಿದರೆ ರಕ್ತ ಓಡಾಟದ ಕಾಯಿಲೆ ಗೊತ್ತಾಗುತ್ತೆ ಅಂತ ತಮ್ಮ ಹೇಳುತ್ತಾನೆ. ನಿಜವೇ ಡಾಕ್ಟ್ರೇ?

ಉತ್ತರ: ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೇ ಪ್ರಶ್ನೆ ಹೊತ್ತು ಬರುವವರು ಬಹಳ ಮಂದಿ.

ಮೊದಲು ನಿಮ್ಮ ಬೆರಳಿನ ವಿಷಯ. ಬಿಳಿ, ನೀಲಿ, ಕೆಂಪು ಎಂದು ಬಣ್ಣ ತಿರುಗುವ ಈ ತೊಂದರೆಯನ್ನು ಫ್ರಾನ್ಸಿನ ಮಾರಿಸ್ ರೇನೋ ಎಂಬ ವೈದ್ಯ 1862ರಲ್ಲೇ ವಿವರಿಸಿದ್ದ. ಅವನ ಹೆಸರೇ ಇದಕ್ಕೆ ಉಳಿದಿದೆ. ಚಳಿ ತಾಗಿದಾಗ ಬೆರಳಿನ ರಕ್ತನಾಳ ಕಿರಿದಾಗುವುದು ಎಲ್ಲರಲ್ಲೂ ಆಗುವಂಥದ್ದು, ಮೈಯ ಬಿಸಿ ಉಳಿಸಿಕೊಳ್ಳಲು ದೇಹ ಹಾಗೆ ಮಾಡುತ್ತದೆ. ರೇನೋ ಇರುವವರಲ್ಲಿ ಆ ನಾಳ ಅತಿಯಾಗಿ ಬಿಗಿದುಕೊಳ್ಳುತ್ತದೆ. ರಕ್ತ ಬಾರದಿದ್ದಾಗ ಬಿಳಿ, ನಿಂತ ರಕ್ತದಲ್ಲಿ ಆಮ್ಲಜನಕ ತೀರಿದಾಗ ನೀಲಿ, ಮತ್ತೆ ನಾಳ ತೆರೆದು ರಕ್ತ ನುಗ್ಗಿದಾಗ ಕೆಂಪು ಮತ್ತು ಉರಿ.

ಹೆಚ್ಚಿನವರಲ್ಲಿ ಇದು ಬರೀ ನಾಳದ ಸೂಕ್ಷ್ಮ ಸ್ವಭಾವ. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಬೆರಳಿಗೆ ಹಾನಿಯಿಲ್ಲ. ಕೆಲವರಲ್ಲಿ ಮಾತ್ರ ಹಿಂದೆ ಬೇರೆ ಕಾಯಿಲೆ ಅಡಗಿರುತ್ತದೆ: ಚರ್ಮ ಬಿಗಿಯಾಗುವ ಸ್ಕ್ಲೀರೋಡರ್ಮಾ, ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಲೂಪಸ್, ಬೀಡಿ ಸಿಗರೇಟಿನಿಂದ ನಾಳ ಮುಚ್ಚಿಕೊಳ್ಳುವ ಬರ್ಗರ್ ಕಾಯಿಲೆ. ಈ ಎರಡು ಗುಂಪನ್ನು ಬೇರ್ಪಡಿಸುವುದೇ ನಮ್ಮ ಮುಂದಿನ ಕೆಲಸ. ಕ್ಯಾಮೆರಾ ಅದರಲ್ಲಿ ಎಷ್ಟು ನೆರವಾಗುತ್ತದೆ ಅನ್ನುವುದು ನಿಜವಾದ ಪ್ರಶ್ನೆ.

ಕೊರೋನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ನೆನಪಿದೆಯಲ್ಲ? ಅದು ಒಂದು ಜಾಗದ ಬಿಸಿಯನ್ನು ಮಾತ್ರ ಓದುತ್ತಿತ್ತು. 320 ಅಡ್ಡ, 240 ಉದ್ದದ ಚುಕ್ಕಿಗಳಿರುವ ಥರ್ಮಲ್ ಕ್ಯಾಮೆರಾ ಅಂಥ 76,800 ಜಾಗಗಳನ್ನು ಒಟ್ಟಿಗೇ ಓದುತ್ತದೆ. ನಮ್ಮ ಚರ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಸದಾ ಹೊರಸೂಸುತ್ತಿರುತ್ತದೆ, ಬಿಸಿ ಹೆಚ್ಚಾದಷ್ಟೂ ಕಿರಣ ಹೆಚ್ಚು. ಮೈಯೊಳಕ್ಕೆ ಏನನ್ನೂ ಕಳಿಸಬೇಕಿಲ್ಲ, ಎಕ್ಸ್‌ರೇ ಥರದ ವಿಕಿರಣವಿಲ್ಲ, ನೋವಿಲ್ಲ, ಬಸುರಿಯರಿಗೂ ಭಯವಿಲ್ಲ.

ಆದರೆ ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಕ್ಯಾಮೆರಾ ನೋಡುವುದು ಚರ್ಮದ ಬಿಸಿಯನ್ನು, ರಕ್ತವನ್ನಲ್ಲ. ಬೆರಳಿಗೆ ಬಿಸಿ ತರುವುದು ರಕ್ತವಾದ್ದರಿಂದ, ತಣ್ಣಗಿರುವ ಬೆರಳಿಗೆ ರಕ್ತ ಕಡಿಮೆ ಬರುತ್ತಿದೆ ಎಂದು ನಾವು ಊಹಿಸುತ್ತೇವೆ. ಯಾಕೆ ಕಡಿಮೆ ಅನ್ನುವುದನ್ನು ಆ ಚಿತ್ರ ಹೇಳದು. ಚಿತ್ರದ ಕೆಂಪು, ಹಳದಿ, ನೀಲಿ ಕೂಡ ಸಾಫ್ಟ್‌ವೇರ್ ಹಚ್ಚಿದ ಬಣ್ಣ. ಪರದೆಯ ನೀಲಿಗೂ ನಿಮ್ಮ ಬೆರಳು ನೀಲಿಯಾಗುವುದಕ್ಕೂ ಸಂಬಂಧವಿಲ್ಲ.

ಚಿತ್ರದುರ್ಗ ಕಡೆಯ ಕಲ್ಲುಕ್ವಾರಿಯಲ್ಲಿ ವರ್ಷಾನುಗಟ್ಟಲೆ ಡ್ರಿಲ್ ಹಿಡಿದಿದ್ದ ಒಬ್ಬರ ಕೈಯನ್ನು ಹೀಗೆ ನೋಡಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಜಿನ ಮೇಲೆ ಎರಡೂ ಅಂಗೈ ಊರಿ ಕೂತಿದ್ದರು. ಪರದೆಯಲ್ಲಿ ಅಂಗೈ ಹಿಂಬದಿ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿತ್ತು, ಬೆರಳುಗಳು ಮಾತ್ರ ಇರಲೇ ಇಲ್ಲ. ಮೇಜಿನಷ್ಟೇ ತಣ್ಣಗಾಗಿದ್ದರಿಂದ ಮೇಜಿನ ಬಣ್ಣದಲ್ಲೇ ಕರಗಿಹೋಗಿದ್ದವು. ‘ಬೆರಳೆಲ್ಲಿ ಹೋದ್ವು ಸಾರ್?’ ಎಂದು ಅವರು ಕೈ ಎತ್ತಿ ತಾವೇ ಮುಟ್ಟಿ ನೋಡಿಕೊಂಡರು. ಅದುರುವ ಯಂತ್ರ ಹಿಡಿಯುವವರ ಬೆರಳು ಹೀಗೆ ಬಿಳಚುವುದನ್ನು ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ 1918ರಲ್ಲೇ ಅಮೆರಿಕದ ಇಂಡಿಯಾನಾದ ಸುಣ್ಣಕಲ್ಲು ಕೆಲಸಗಾರರಲ್ಲಿ ಕಂಡು ಬರೆದಿದ್ದಾರೆ. ನೂರು ವರ್ಷ ದಾಟಿದರೂ ನಮ್ಮ ಕ್ವಾರಿಗಳಲ್ಲಿ ಎಷ್ಟೋ ಮಂದಿ ಇದನ್ನು ‘ಜೋಮು’ ಅಂದುಕೊಂಡೇ ಡ್ರಿಲ್ ಹಿಡಿಯುತ್ತಾರೆ. ನನಗೆ ತುಂಬ ಸಂಕಟವಾಗುವ ವಿಷಯ ಇದು.

ಪರೀಕ್ಷೆ ಸರಿಯಾಗಿ ಮಾಡಬೇಕೆಂದರೆ ಸುಮ್ಮನೆ ಒಂದು ಫೋಟೋ ಸಾಲದು. ಬರುವ ಮುಂಚೆ ಕೆಲವು ಗಂಟೆ ಕಾಫಿ, ಟೀ, ಬೀಡಿ ಬಿಟ್ಟಿರಬೇಕು. ಸುಮಾರು 23 ಡಿಗ್ರಿ ಇರುವ, ಫ್ಯಾನ್ ಗಾಳಿ ಬೀಸದ ಕೋಣೆಯಲ್ಲಿ 15–20 ನಿಮಿಷ ಕೂರಿಸುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನಡೆದು ಬಂದವರ ಕೈಯನ್ನು ಹಾಗೇ ನೋಡಿದರೆ ಎಲ್ಲರ ಬೆರಳೂ ಕೆಂಡದ ಹಾಗೆ ಕಾಣುತ್ತದೆ. ಆಮೇಲೆ ತೆಳು ಪ್ಲಾಸ್ಟಿಕ್ ಗ್ಲೌಸ್ ತೊಡಿಸಿ, 15ರಿಂದ 20 ಡಿಗ್ರಿಯ ನೀರಿನಲ್ಲಿ ಒಂದು ನಿಮಿಷ ಕೈ ಅದ್ದಿಸುತ್ತಾರೆ. ಗ್ಲೌಸ್ ಯಾಕೆಂದರೆ ಒದ್ದೆ ಚರ್ಮದಿಂದ ನೀರು ಆರುವಾಗ ಅದೇ ತಂಪು ಮಾಡಿ ಚಿತ್ರ ಕೆಡಿಸುತ್ತದೆ. ಕೈ ಹೊರತೆಗೆದ ಮೇಲೆ ಹತ್ತು ಹದಿನೈದು ನಿಮಿಷ ಮತ್ತೆ ಮತ್ತೆ ಚಿತ್ರ ತೆಗೆಯುತ್ತಾರೆ. ಬಿಸಿ ಎಷ್ಟು ಬೇಗ ಮರಳುತ್ತದೆ, ಎಲ್ಲ ಬೆರಳಿಗೂ ಒಂದೇ ಸಮ ಮರಳುತ್ತದೆಯೇ, ನೋಡಬೇಕಾದ್ದು ಅದನ್ನು.

ಇನ್ನೊಂದು ಅಳತೆ ನನಗೆ ಹೆಚ್ಚು ಉಪಯುಕ್ತ ಅನಿಸಿದೆ. ಕೋಣೆಯನ್ನು 30 ಡಿಗ್ರಿಗೆ ಬಿಸಿ ಮಾಡಿದಾಗಲೂ ಬೆರಳ ತುದಿ ಅಂಗೈ ಹಿಂಬದಿಗಿಂತ 1 ಡಿಗ್ರಿಗೂ ಹೆಚ್ಚು ತಣ್ಣಗೇ ಉಳಿದರೆ, ನಾಳ ಬರೀ ಬಿಗಿದುಕೊಂಡಿಲ್ಲ, ನಾಳಕ್ಕೇ ಪೆಟ್ಟಾಗಿರಬಹುದು ಎಂಬ ಅನುಮಾನ ಬಲವಾಗುತ್ತದೆ. ಬೆಚ್ಚಗಾದಾಗ ತೆರೆದುಕೊಳ್ಳುವ ನಾಳ ಬೇರೆ, ಬೆಚ್ಚಗಾದರೂ ತೆರೆಯದ ನಾಳ ಬೇರೆ.

ಇಷ್ಟಾದರೂ ಕ್ಯಾಮೆರಾ ‘ಇಂಥ ಕಾಯಿಲೆ’ ಎಂದು ಹೆಸರು ಹೇಳುವುದಿಲ್ಲ. ಆರೋಗ್ಯವಾಗಿದ್ದೂ ಕೈ ತಣ್ಣಗಿರುವವರಿದ್ದಾರೆ, ಅವರ ಚಿತ್ರವೂ ರೇನೋ ಇರುವವರ ಚಿತ್ರವೂ ಎಷ್ಟೋ ಸಲ ಒಂದೇ ಥರ ಕಾಣುತ್ತವೆ. ಹಾಗಾಗಿ ‘ಫುಲ್ ಬಾಡಿ ಥರ್ಮಲ್ ಸ್ಕ್ಯಾನ್, ಎಲ್ಲ ಕಾಯಿಲೆ ಪತ್ತೆ’ ಎಂದು ಯಾರಾದರೂ ಕರೆದರೆ ದುಡ್ಡು ಕಟ್ಟಬೇಡಿ.

ನಿಮಗೆ ಮೊದಲು ಬೇಕಾದ ಪರೀಕ್ಷೆ ಇದಕ್ಕಿಂತ ಸರಳ. ಉಗುರಿನ ಬುಡದ ಚರ್ಮಕ್ಕೆ ಒಂದು ಹನಿ ಎಣ್ಣೆ ಹಾಕಿ, ಚರ್ಮದ ಡಾಕ್ಟರ ಹತ್ತಿರ ಇರುವ ಡರ್ಮೋಸ್ಕೋಪ್ ಎಂಬ ದೀಪದ ಭೂತಗನ್ನಡಿ ಇಟ್ಟು ನೋಡುತ್ತಾರೆ. ಆರೋಗ್ಯದ ಬೆರಳಿನಲ್ಲಿ ಕೂದಲೆಳೆಯಂಥ ನಾಳಗಳು ಹೇರ್‌ಪಿನ್ ಸಾಲಾಗಿ ಜೋಡಿಸಿಟ್ಟ ಹಾಗಿರುತ್ತವೆ. ಸ್ಕ್ಲೀರೋಡರ್ಮಾ ಇದ್ದರೆ ಅವು ಅಲ್ಲಲ್ಲಿ ಊದಿಕೊಂಡು, ನಡುನಡುವೆ ಬರಿದಾಗಿರುತ್ತವೆ. ಜೊತೆಗೆ, ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬಿದ್ದಿರುವ ಸುಳಿವು ಹುಡುಕುವ ಎಎನ್ಎ ಎಂಬ ರಕ್ತಪರೀಕ್ಷೆ. ಇವೆರಡೂ ಸರಿಯಿದ್ದು, ಬೆರಳ ತುದಿಯಲ್ಲಿ ಹುಣ್ಣಿಲ್ಲದಿದ್ದರೆ ಬಹುಪಾಲು ನಿಶ್ಚಿಂತೆಯಿಂದ ಇರಬಹುದು. ಮೈಗ್ರೇನಿಗೋ ಬಿಪಿಗೋ ಮಾತ್ರೆ ತಗೊಳ್ಳುತ್ತಿದ್ದರೆ ಚೀಟಿ ತಪ್ಪದೆ ತೋರಿಸಿ, ಪ್ರೊಪ್ರನಲಾಲ್‌ನಂಥ ಕೆಲವು ಮಾತ್ರೆಗಳೇ ಬೆರಳು ಬಿಳಚುವುದನ್ನು ಹೆಚ್ಚಿಸುತ್ತವೆ. ತೊಂದರೆ ಜಾಸ್ತಿಯಿದ್ದರೆ ನಿಫೆಡಿಪಿನ್ ಥರದ ನಾಳ ಸಡಿಲಿಸುವ ಔಷಧಿ ಇದೆ, ಡಾಕ್ಟರು ಬರೆದುಕೊಟ್ಟರೆ ಮಾತ್ರ.

ಒಂದೇ ಬೆರಳು ಅಥವಾ ಒಂದೇ ಕೈ ತಣ್ಣಗಾಗುತ್ತಿದ್ದರೆ, ತುದಿಯಲ್ಲಿ ಹುಣ್ಣು ಬಂದು ಮಾಯದಿದ್ದರೆ, ಬೇಗ ತೋರಿಸಿ. ಬೆರಳು ದಿಢೀರನೆ ನೀಲಿಯಾಗಿ ನೋವೆದ್ದು ಬಣ್ಣ ಮರಳದಿದ್ದರೆ, ಕಪ್ಪಾಗತೊಡಗಿದರೆ, ಆ ದಿನವೇ ದೊಡ್ಡಾಸ್ಪತ್ರೆಗೆ ಹೋಗಿ. ಮನೆಯಲ್ಲಿ ಬೀಡಿ ಸೇದುವವರಿದ್ದು ಅವರಿಗೆ ಹೀಗಾದರೆ, ಬೀಡಿ ಪೂರ್ತಿ ಬಿಡದೆ ಬೇರೆ ಯಾವ ಚಿಕಿತ್ಸೆಯೂ ಬೆರಳು ಉಳಿಸುವುದು ಕಷ್ಟ.

ಮರಗಟ್ಟಿದ ಕೈಯನ್ನು ಒಲೆಗೆ ಹಿಡಿಯಬೇಡಿ. ಸ್ಪರ್ಶ ತಿಳಿಯದೆ ಸುಟ್ಟುಕೊಳ್ಳುತ್ತೀರಿ. ಕಂಕುಳಲ್ಲಿ ಇಟ್ಟುಕೊಳ್ಳಿ, ಇಲ್ಲವೇ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಪ್ಯಾಕೆಟ್ ಮುಟ್ಟುವ ಮುಂಚೆಯೇ ಉಲ್ಲನ್ ಗ್ಲೌಸ್, ಅದರ ಮೇಲೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಸ್ವೆಟರ್ ಕೂಡ ಬೇಕು, ಮೈ ತಣ್ಣಗಾದರೂ ಬೆರಳು ಬಿಗಿಯುತ್ತದೆ.

ಮುಂದಿನ ಸಲ ಬೆರಳು ಬಿಳಚಿದ ತಕ್ಷಣ ತಮ್ಮನ ಕೈಗೆ ಮಾಮೂಲಿ ಮೊಬೈಲ್ ಕೊಟ್ಟು ಎರಡೂ ಕೈಯ ಫೋಟೋ ತೆಗೆಸಿ, ಹೆಬ್ಬೆರಳು ಸೇರಿಸಿ. ನೀಲಿಯಾದಾಗ ಇನ್ನೊಂದು, ಕೆಂಪಾದಾಗ ಮತ್ತೊಂದು. ಕ್ಲಿನಿಕ್ಕಿಗೆ ಬರುವ ಹೊತ್ತಿಗೆ ಬೆರಳು ಸರಿಹೋಗಿರುತ್ತದೆ, ಆ ಮೂರು ಫೋಟೋ ನೋಡಿದರೆ ನಮಗೆ ಅರ್ಧ ಕೆಲಸ ಮುಗಿದ ಹಾಗೆ.