ಮಾಡಿಫೈ ಆದ ಕಾರಿಗೆ ‘ಸರಿ ಇದೆ’ ಅನ್ನುವವರು ಯಾರು?

ಮಹೀಂದ್ರಾ ಥಾರ್ ಜೀಪಿಗೆ ಕಂಪನಿ ಕೊಟ್ಟಿದ್ದಕ್ಕಿಂತ ದಪ್ಪ ಟೈರ್ ಹಾಕಬಹುದಾ? ಹಳೇ ಜೀಪಿಗೆ ಬೇರೆ ಇಂಜಿನ್ ಕೂರಿಸಿದರೆ ಆರ್‌ಸಿಯಲ್ಲಿ ಸೇರಿಸುತ್ತಾರಾ? ಬಿಳಿ ಕಾರಿಗೆ ಕೆಂಪು ಬಣ್ಣ ಹೊಡೆಸಿದರೆ ಯಾರಿಗೆ ಹೇಳಬೇಕು? ನಾಲ್ಕು ಜನರನ್ನು ಕೇಳಿ ನೋಡಿ, ನಾಲ್ಕು ಥರದ ಉತ್ತರ ಸಿಗುತ್ತದೆ. ಆಕ್ಸೆಸರಿ ಅಂಗಡಿಯವರು ‘ಏನೂ ಆಗಲ್ಲ ಸಾರ್’ ಅನ್ನುತ್ತಾರೆ. ಆರ್‌ಟಿಒ ಮುಂದಿನ ಏಜೆಂಟ್ ‘ಬರೆಸಿಕೊಡೋಣ ಬಿಡಿ’ ಅನ್ನುತ್ತಾರೆ. ಟ್ರಾಫಿಕ್ ಪೊಲೀಸರು ದಂಡದ ರಸೀದಿ ಕೊಡುತ್ತಾರೆ. ಹಳಬ ಮೆಕ್ಯಾನಿಕ್ ‘ನಮ್ಮ ಕಾಲದಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕಿತ್ತು’ ಅನ್ನುತ್ತಾರೆ. ಇವರಲ್ಲಿ ಯಾರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ. ಕಾನೂನು ಮತ್ತೆ ಮತ್ತೆ ಬದಲಾಗಿದೆ, ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಕಾಲದ ಕಾನೂನು ಉಳಿದುಕೊಂಡಿದೆ.

ಮೊದಲ ಮುಕ್ಕಾಲು ಶತಮಾನವನ್ನು ಬೇಗ ಹೇಳಿ ಮುಗಿಸಬಹುದು. 1914ರಲ್ಲಿ ಮೋಟಾರು ವಾಹನಗಳಿಗೆ ಮೊದಲ ಅಖಿಲ ಭಾರತ ಕಾಯ್ದೆ ಬಂತು. 1939ರ ಕಾಯ್ದೆಯಲ್ಲಿ ಗಾಡಿ ಮಾರ್ಪಾಡಿಗೆ ಅಂತಲೇ 32ನೇ ಸೆಕ್ಷನ್ ಇತ್ತು. 1988ರ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂದಾಗ ಆ ವಿಷಯ 52ನೇ ಸೆಕ್ಷನ್ನಿಗೆ ಹೋಯಿತು. ಇವತ್ತಿನ ಗೊಂದಲವೆಲ್ಲ ಈ ಒಂದು ಸೆಕ್ಷನ್ನಿನ ಸುತ್ತಲೇ ಇದೆ.

1989ರಲ್ಲಿ ಆ ಸೆಕ್ಷನ್ ಹೇಳಿದ್ದು ಇಷ್ಟು. ಆರ್‌ಸಿಯಲ್ಲಿ ಬರೆದಿರುವ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಬೇಕಾದರೆ ಮೊದಲು ಆರ್‌ಟಿಒಗೆ ತಿಳಿಸಿ, ಒಪ್ಪಿಗೆ ತಗೊಳ್ಳಿ. ಆರ್‌ಟಿಒ 7 ದಿನದೊಳಗೆ ಅಂಚೆಯಲ್ಲಿ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಿದೆ ಅಂತಲೇ ಲೆಕ್ಕ. ಮಾರ್ಪಾಡು ಮುಗಿದ 14 ದಿನದೊಳಗೆ ಆರ್‌ಸಿ ತಂದು ತಿದ್ದಿಸಿಕೊಳ್ಳಬೇಕು. ಸಾಮಾನು ಸೇರಿಸಿದ್ದರಿಂದಲೋ ತೆಗೆದಿದ್ದರಿಂದಲೋ ಖಾಲಿ ಗಾಡಿಯ ತೂಕ ಶೇ. 2ರ ಒಳಗೆ ಬದಲಾದರೆ ಕೇಳುವುದೂ ಬೇಡ. ಇವತ್ತು ಓದಿದರೆ ಇದು ನಮ್ಮದೇ ಕಾನೂನಾ ಅನ್ನಿಸುತ್ತದೆ.

ಆಗ ಅತಿ ಹೆಚ್ಚು ನಡೆಯುತ್ತಿದ್ದ ಮಾರ್ಪಾಡು ಅಂದರೆ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಏರಿಸುವುದು. ಶೋಕಿಗೆ ಮಾಡುತ್ತಿದ್ದದ್ದಲ್ಲ. ಪೆಟ್ರೋಲಿಗೂ ಡೀಸೆಲ್ಲಿಗೂ ಬೆಲೆಯಲ್ಲಿ ಭಾರಿ ಅಂತರ ಇತ್ತು. ಬಾಡಿಗೆಗೆ ಓಡುವ ಅಂಬಾಸಿಡರ್ ಆಗಲಿ, ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟದ ಜೀಪಾಗಲಿ, ಪೆಟ್ರೋಲಿನಲ್ಲಿ ಓಡಿಸಿದರೆ ಗಿಟ್ಟುತ್ತಿರಲಿಲ್ಲ. ಮ್ಯಾಟಡೋರ್ ವ್ಯಾನಿನ ಡೀಸೆಲ್ ಇಂಜಿನ್ ಅಂಬಾಸಿಡರ್‌ನ ಬಾನೆಟ್ ಒಳಗೆ ಬಂದು ಕೂರುತ್ತಿತ್ತು. ಸೈನ್ಯದ ಹರಾಜಿನಲ್ಲಿ ಬಂದ ಪೆಟ್ರೋಲ್ ಜೀಪುಗಳಿಗೂ ಡೀಸೆಲ್ ಇಂಜಿನ್ ಸೇರುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಇದಕ್ಕೆ ಬೇಕಾದ ಸಾಮಾನು ಹುಡುಕಿ ತರುತ್ತಿದ್ದರು.

ಕೆಲಸ ಸಣ್ಣದಲ್ಲ. ಡೀಸೆಲ್ ಇಂಜಿನ್ ತೂಕ ಜಾಸ್ತಿ, ನಡುಕವೂ ಜಾಸ್ತಿ. ಇಂಜಿನ್ ಕೂರುವ ಹಳೇ ಫೌಂಡೇಶನ್ ಕತ್ತರಿಸಿ ಹೊಸದು ವೆಲ್ಡ್ ಮಾಡಬೇಕು. ಇಂಜಿನ್ನಿಗೂ ಗೇರ್ ಬಾಕ್ಸಿಗೂ ಬೋಲ್ಟ್ ತೂತು ಕೂಡುವುದಿಲ್ಲ, ಅದಕ್ಕೆ ನಡುವೆ ಹಾಕುವ ಪ್ಲೇಟನ್ನು ಲೇತ್‌ನಲ್ಲಿ ಮಾಡಿಸಬೇಕು. ಪ್ರೊಪೆಲ್ಲರ್ ಶಾಫ್ಟ್ ಉದ್ದ ಸರಿಮಾಡಿಸಬೇಕು. ಮುಂದಿನ ಪ್ಲೇಟ್ ಸೆಟ್‌ಗೆ, ಅಂದರೆ ಸ್ಪ್ರಿಂಗ್ ಪಟ್ಟಿಗಳ ಕಟ್ಟಿಗೆ, ಒಂದು ಪ್ಲೇಟ್ ಜಾಸ್ತಿ ಹಾಕಬೇಕು, ಇಲ್ಲದಿದ್ದರೆ ಮೂತಿ ತಗ್ಗುತ್ತದೆ. ಬ್ರೇಕ್ ಮಾತ್ರ ಎಷ್ಟೋ ಸಲ ಹಳೆಯದೇ ಉಳಿಯುತ್ತಿತ್ತು. ಮಾರ್ಪಾಡನ್ನು ಇಷ್ಟಪಡುವವರೂ ಇದನ್ನು ಒಪ್ಪಿಕೊಳ್ಳಬೇಕು. ಮುಂದೆ ಭಾರ ಏರಿದ ಗಾಡಿಯನ್ನು ಹಳೇ ಡ್ರಮ್ ಬ್ರೇಕು ಮಳೆಗಾಲದ ಘಾಟಿ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಬೇಕಿತ್ತು.

ಆಮೇಲೆ ಗಾಡಿ ಆರ್‌ಟಿಒ ಅಂಗಳಕ್ಕೆ ಹೋಗುತ್ತಿತ್ತು. ಜೊತೆಗೆ ಅರ್ಜಿ, ಇಂಜಿನ್ ಕೊಂಡ ಬಿಲ್ಲು, ಆರ್‌ಸಿ ಬುಕ್ಕು. ಇಂಜಿನ್ ಬ್ಲಾಕ್ ಮೇಲಿನ ನಂಬರನ್ನು ಎಣ್ಣೆ ಮಣ್ಣು ಕೆರೆದು ಬಟ್ಟೆಯಿಂದ ಒರೆಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜಬೇಕು. ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಆ ಪೆನ್ಸಿಲ್ ಪ್ರಿಂಟನ್ನು ಅರ್ಜಿಗೆ ಅಂಟಿಸುತ್ತಿದ್ದರು. ಮೋಟಾರು ವಾಹನ ನಿರೀಕ್ಷಕರು, ಅಂದರೆ ಜನರ ಬಾಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರು, ಬಾನೆಟ್ ಎತ್ತಿ ನಂಬರ್ ಹೋಲಿಸಿ ನೋಡುತ್ತಿದ್ದರು. ಕೆಳಗೆ ಬಗ್ಗಿ ವೆಲ್ಡಿಂಗ್ ನೋಡುತ್ತಿದ್ದರು. ಗಾಡಿ ಓಡಿಸಿ ಬ್ರೇಕ್ ಒತ್ತಿ ನೋಡುತ್ತಿದ್ದರು. ಒಪ್ಪಿಗೆಯಾದರೆ ಆರ್‌ಸಿ ಬುಕ್ಕಿನಲ್ಲಿ ಹಳೇ ಇಂಜಿನ್ ನಂಬರ್ ಹೊಡೆದುಹಾಕಿ, ಹೊಸದನ್ನು ಶಾಯಿಯಲ್ಲಿ ಬರೆದು, ಇಂಧನದ ಜಾಗದಲ್ಲಿ ಡೀಸೆಲ್ ಅಂತ ತಿದ್ದಿ, ಸಹಿ ಹಾಕಿ ಸೀಲ್ ಒತ್ತುತ್ತಿದ್ದರು.

ಈ ಪದ್ಧತಿಯಲ್ಲಿ ಕೊರತೆ ಬೇಕಾದಷ್ಟಿತ್ತು. ಅಳೆಯಲು ಯಂತ್ರ ಇರಲಿಲ್ಲ, ಎಲ್ಲ ಕಣ್ಣಂದಾಜು. ಒಂದು ಕಚೇರಿಯಲ್ಲಿ ಆಗಿದ್ದು ಇನ್ನೊಂದರಲ್ಲಿ ಆಗುತ್ತಿರಲಿಲ್ಲ. ಸರಿಯಾಗಿ ನೋಡುವವರೂ ಇದ್ದರು, ನೋಡದೇ ಸೀಲ್ ಒತ್ತುವವರೂ ಇದ್ದರು. ಆದರೂ ಆಮೇಲೆ ಕಳೆದುಹೋದ ಒಂದು ಸಂಗತಿ ಅದರಲ್ಲಿತ್ತು. ನಿಮ್ಮದೇ ಗಾಡಿಯನ್ನು, ಆ ಒಂದೇ ಗಾಡಿಯನ್ನು, ನೋಡಿ ‘ಸರಿ ಇದೆ’ ಅಥವಾ ‘ಸರಿ ಇಲ್ಲ’ ಅಂತ ಸಹಿ ಹಾಕುವ ಅಧಿಕಾರ ಇರುವ ಒಬ್ಬರು ಊರಿನ ಹತ್ತಿರವೇ ಇರುತ್ತಿದ್ದರು.

2000ದಲ್ಲಿ ಸಂಸತ್ತು 52ನೇ ಸೆಕ್ಷನ್ನನ್ನು ಹೊಸದಾಗಿ ಬರೆಯಿತು. ಆಗಸ್ಟ್‌ನಲ್ಲಿ ಅದು ಜಾರಿಯಾಯಿತು. ‘ಒಪ್ಪಿಗೆ ಇಲ್ಲದೆ ಬದಲಿಸಬೇಡಿ’ ಅನ್ನುತ್ತಿದ್ದ ಕಾನೂನು, ‘ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗುವ ಹಾಗೆ ಬದಲಿಸಲೇಬೇಡಿ’ ಅನ್ನತೊಡಗಿತು. 7 ದಿನದ ಮಾತು ಹೋಯಿತು. ಶೇ. 2ರ ಸಡಿಲಿಕೆಯೂ ಹೋಯಿತು. ಮಸೂದೆಯ ಉದ್ದೇಶ ವಿವರಣೆಯಲ್ಲಿ, ಹೆಚ್ಚು ಸಾಮರ್ಥ್ಯದ ಟೈರ್ ಹಾಕುವುದೂ ಸೇರಿದಂತೆ ಯಾವ ಮಾರ್ಪಾಡೂ ಬೇಡ ಅಂತ ಇತ್ತು. ದೊಡ್ಡ ಟೈರ್ ಅಂದರೆ ಜಾಸ್ತಿ ಲೋಡು. ಇದನ್ನು ಓದಿದರೆ ಕಣ್ಣಿಗೆ ಬರುವುದು ಲಾರಿ. ಬರೆದದ್ದು ಮಾತ್ರ ಎಲ್ಲ ಗಾಡಿಗೂ ಅನ್ವಯವಾಯಿತು.

ಒಂದು ಬಾಗಿಲು ತೆರೆದಿಟ್ಟರು, ಅದು ಇಂಧನ ಬದಲಾವಣೆ. ದೆಹಲಿಯ ಹೊಗೆ, 1998ರ ಸುಪ್ರೀಂ ಕೋರ್ಟ್ ಆದೇಶ, ಸಿಎನ್‌ಜಿ ಬಸ್ಸುಗಳು ಎಲ್ಲ ಆಗಿನ ಸುದ್ದಿ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಇವುಗಳಿಗೆ ಕಿಟ್ ಕೂರಿಸಿಕೊಳ್ಳಬಹುದು, ಷರತ್ತು ಸರ್ಕಾರ ಹೇಳುತ್ತದೆ ಅಂತಾಯಿತು. ಅಡುಗೆ ಮನೆಯ ಸಿಲಿಂಡರನ್ನೇ ವ್ಯಾನಿನ ಹಿಂದೆ ಇಟ್ಟು ಪೈಪ್ ಎಳೆಯುತ್ತಿದ್ದ ಕಾಲ ಅದು. ಅದನ್ನು ನಿಲ್ಲಿಸಬೇಕಿತ್ತು, 2001ರಲ್ಲಿ ಎಲ್‌ಪಿಜಿಗೆ ಬೇರೆ ಆದೇಶವೇ ಬಂತು.

ಕಿಟ್‌ನ ದಾರಿ ಹೀಗಿದೆ. ಕಿಟ್ ತಯಾರಕರು ಅದನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಥರದ ಪರೀಕ್ಷಾ ಸಂಸ್ಥೆಗೆ ಕೊಡುತ್ತಾರೆ. ಇಂಥ ಗಾಡಿಗಳಿಗೆ ಈ ಕಿಟ್ ಆಗುತ್ತದೆ ಅಂತ ಅಲ್ಲಿ ಟೈಪ್ ಅಪ್ರೂವಲ್ ಸಿಗುತ್ತದೆ. ಅಧಿಕೃತ ಗ್ಯಾರೇಜಿನವರು ಕೂರಿಸಿ ಪ್ರಮಾಣಪತ್ರ ಕೊಡುತ್ತಾರೆ. ಆರ್‌ಟಿಒ ನೋಡಿ ಆರ್‌ಸಿಯಲ್ಲಿ ಇಂಧನ ತಿದ್ದುತ್ತದೆ. ಸಿಎನ್‌ಜಿ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಮಾಡುವ ಒತ್ತಡದ ಪರೀಕ್ಷೆ, ಆಗಬೇಕು. ವಿಮೆ ಕಂಪನಿಗೂ ತಿಳಿಸಿ ಪಾಲಿಸಿಯಲ್ಲಿ ಸೇರಿಸಬೇಕು. ದಾರಿ ಉದ್ದ, ಆದರೆ ಸ್ಪಷ್ಟ. ಈ ದಾರಿ ಎಲ್ಲಿ ನಿಂತಿದೆಯೋ ಅಲ್ಲಿಗೆ ಜನರ ದಾರಿಯೂ ನಿಲ್ಲುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ಮಿತಿ ಬಿಎಸ್-6 ಬಂದಾಗ ಆ ಮಿತಿಯ ಕಾರುಗಳಿಗೆ ಹೊರಗಿನ ಕಿಟ್ ಹಾಕಲು ನಿಯಮವೇ ಇರಲಿಲ್ಲ. 3.5 ಟನ್ನಿನ ಒಳಗಿನ ಗಾಡಿಗಳಿಗೆ ಅದು ಬಂದಿದ್ದು 2022ರ ಆಗಸ್ಟ್‌ನಲ್ಲಿ. ಹಳೇ ಕಾರನ್ನು ಎಲೆಕ್ಟ್ರಿಕ್ ಮಾಡುವ ನಿಯಮ 2016ರಲ್ಲೇ ಬಂದಿದೆ. ಅದಕ್ಕೂ ಇದೇ ಷರತ್ತು, ನಿಮ್ಮ ಮಾದರಿಯ ಕಾರಿಗೆ ಯಾರಾದರೂ ಕಿಟ್ ಅಪ್ರೂವ್ ಮಾಡಿಸಿರಬೇಕು. ಅಪರೂಪದ ಕಾರಾದರೆ ಅದಕ್ಕೆ ಯಾರೂ ಖರ್ಚು ಮಾಡಿ ಮಾಡಿಸುವುದಿಲ್ಲ.

ಗಂಟು ಇರುವುದು ಇಲ್ಲೇ. ಈ ಪರೀಕ್ಷಾ ಸಂಸ್ಥೆಗಳ ಕೆಲಸ ಮಾದರಿಗಳನ್ನು ಪರೀಕ್ಷಿಸುವುದು. ಕಂಪನಿಯೊಂದು ಸಾವಿರಾರು ಗಾಡಿ ಮಾಡುವ ಮೊದಲು ಒಂದು ಮಾದರಿ ಕಳಿಸುತ್ತದೆ, ಅದು ಪಾಸಾದರೆ ಉಳಿದವೂ ಪಾಸು. ಒಬ್ಬ ಮನುಷ್ಯ ತನ್ನ ಒಂದು ಕಾರು ತಂದು ‘ಸಸ್ಪೆನ್ಷನ್ ಬದಲಿಸಿದ್ದೇನೆ, ಪರೀಕ್ಷೆ ಮಾಡಿ, ಫೀಸ್ ಕಟ್ಟುತ್ತೇನೆ’ ಅಂದರೆ ಆರ್‌ಸಿಯಲ್ಲಿ ಏರುವ ಕಾಗದ ಸಿಗುವ ಮಾಮೂಲಿ ವ್ಯವಸ್ಥೆ ಇಲ್ಲ. ಆರ್‌ಟಿಒ ಅಧಿಕಾರಿಯ ಹತ್ತಿರ ಹೋದರೆ ಅವರ ಕೈಯೂ ಕಟ್ಟಿದೆ. ಒಂದು ಕಡೆ ತಂತ್ರಜ್ಞಾನ ಇದೆ, ಇನ್ನೊಂದು ಕಡೆ ಸೀಲ್ ಇದೆ, ಎರಡೂ ಒಂದು ಕಡೆ ಸೇರಲಿಲ್ಲ.

ಇದು ಎಲ್ಲ ಕಡೆ ಹೀಗಿಲ್ಲ. ಜರ್ಮನಿಯಲ್ಲಿ ಟಿಯುವಿ ಥರದ ಸಂಸ್ಥೆಯ ತಜ್ಞರು ಒಂದೊಂದೇ ಕಾರನ್ನು ನೋಡಿ, ಒಪ್ಪಿದರೆ ಅದರ ಕಾಗದದಲ್ಲಿ ಸೇರಿಸಬಹುದು. ಬ್ರಿಟನ್ನಿನಲ್ಲಿ 2025ರವರೆಗೆ ತುಂಬಾ ಬದಲಾದ ಗಾಡಿಗೆ ಅಂಕ ಕೊಡುತ್ತಿದ್ದರು. ಮೂಲ ಚಾಸಿಗೆ 5, ಸಸ್ಪೆನ್ಷನ್ನಿಗೆ 2, ಸ್ಟಿಯರಿಂಗ್‌ಗೆ 2, ಇಂಜಿನ್ನಿಗೆ 1, ಹೀಗೆ. 8 ಅಂಕ ಉಳಿದಿದ್ದರೆ ಹಳೇ ನಂಬರ್ ಉಳಿಯುತ್ತಿತ್ತು, ಇಲ್ಲವಾದರೆ ಆ ಒಂದು ಗಾಡಿಗೇ ಪೂರ್ತಿ ಪರೀಕ್ಷೆ ಆಗುತ್ತಿತ್ತು. ಎರಡೂ ದೇಶದಲ್ಲಿ ನಿಯಮ ಬಿಗಿ. ಆದರೆ ಕೇಳಲು ಒಂದು ಜಾಗ ಇದೆ.

ನಮ್ಮಲ್ಲಿ 2000ದ ನಂತರವೂ ರಾಜ್ಯಗಳ ನಿಯಮದಲ್ಲಿ ಮಾರ್ಪಾಡಿಗೆ ಒಪ್ಪಿಗೆ ಕೊಡುವ ಮಾತು ಉಳಿದಿತ್ತು. ಅದನ್ನು ಹಿಡಿದು ಒಂದು ಪ್ರಕರಣ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಜನವರಿಯಲ್ಲಿ ತೀರ್ಪು ಬಂತು. ರಾಜ್ಯದ ನಿಯಮ ಕಾಯ್ದೆಗಿಂತ ದೊಡ್ಡದಲ್ಲ, ತಯಾರಕರು ಹೇಳಿದ ಮೂಲ ವಿವರ ಬದಲಾಗುವ ಮಾರ್ಪಾಡು ನಡೆಯುವುದಿಲ್ಲ ಅಂತ ಕೋರ್ಟು ಹೇಳಿತು. ‘ಇನ್ನು ಸ್ಟಿಕ್ಕರ್ ಹಾಕಿದರೂ ಅಪರಾಧ’ ಅಂತ ಸುದ್ದಿ ಹಬ್ಬಿತು. ತೀರ್ಪಿನಲ್ಲಿ ಇನ್ನೊಂದು ಸಾಲೂ ಇತ್ತು. ಆ ಮೂಲ ವಿವರಗಳ ಆಚೆ ಇರುವುದನ್ನು ನಿಯಮದ ಪ್ರಕಾರ ಬದಲಿಸಬಹುದು. ಅದನ್ನು ಓದಿದವರು ಕಡಿಮೆ. ಬಣ್ಣ ಇವತ್ತಿಗೂ ಆರ್‌ಟಿಒಗೆ ಅರ್ಜಿ ಕೊಟ್ಟು ಬದಲಿಸಬಹುದು. ಸೈನ್ಯದ ಆಲಿವ್ ಹಸಿರು ಮಾತ್ರ ಕೂಡದು.

ಅದೇ 2019ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಕಾನೂನು ಮೀರಿ ಗಾಡಿ ಮಾರ್ಪಡಿಸಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಟೈರು, ಸೈಲೆನ್ಸರು, ಬಂಪರು ಮೂರನ್ನೂ ಬದಲಿಸಿದ್ದರೆ 15,000. 2017ರ ಡಿಸೆಂಬರಿನಲ್ಲೇ ಬಂಪರ್ ಮುಂದೆ ಹಾಕಿಸುವ ಕ್ರ್ಯಾಶ್ ಗಾರ್ಡ್ ತೆಗೆಸಿ ಅಂತ ಕೇಂದ್ರ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು. ಆ ಕಬ್ಬಿಣದ ಗಾರ್ಡು ಪಾದಚಾರಿಗೂ ಅಪಾಯ, ಒಳಗೆ ಕೂತವರಿಗೂ ಅಪಾಯ. ಈ ವಿಷಯದಲ್ಲಿ ಸರ್ಕಾರದ ಮಾತೇ ಸರಿ.

ಈ ತಿದ್ದುಪಡಿಯಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. ಅಂಗವಿಕಲರು ತಮ್ಮ ಕಾರಿಗೆ ಕೈಯಲ್ಲಿ ಒತ್ತುವ ಬ್ರೇಕು, ಎಡಗಾಲಿನ ಆಕ್ಸಿಲರೇಟರು ಹಾಕಿಸಿಕೊಂಡು, ಆಮೇಲೆ ಆರ್‌ಟಿಒ ಒಪ್ಪಿಗೆ ಪಡೆಯಬಹುದು. ಮೊದಲು ಮಾರ್ಪಾಡು, ನಂತರ ಪರಿಶೀಲನೆ, ಅದೂ ಆ ಒಂದೇ ಕಾರಿಗೆ. ಇಂಥವರ ಅನುಕೂಲಕ್ಕೆ ಹೊಸ ಕಾರನ್ನು ತಾತ್ಕಾಲಿಕ ನೋಂದಣಿಯಲ್ಲೇ ಬದಲಿಸಿಕೊಳ್ಳಲು ಬಿಡುವ ಕರಡು ನಿಯಮವೂ 2022ರಲ್ಲಿ ಪ್ರಕಟವಾಯಿತು. ಒಂದೊಂದೇ ಕಾರನ್ನು ನೋಡಿ ಒಪ್ಪುವುದು ಅಸಾಧ್ಯವೇನಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಳೇ ಜೀಪುಗಳ ಕಥೆ ಮಾತ್ರ ಬೇಸರದ್ದು. 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ಬಂತು. 50 ವರ್ಷ ದಾಟಿರಬೇಕು, ಇಂಜಿನ್, ಚಾಸಿ, ಬಾಡಿ ಮೂಲದ್ದೇ ಇರಬೇಕು. ತೋಟದ ದಾರಿಯಲ್ಲಿ ದುಡಿದ ಜೀಪಿನ ಮಾಲೀಕರು 1990ರ ದಶಕದಲ್ಲಿ ಕಾನೂನಿನ ಪ್ರಕಾರವೇ ಅರ್ಜಿ ಕೊಟ್ಟು, ಸೀಲ್ ಹಾಕಿಸಿ ಡೀಸೆಲ್ ಇಂಜಿನ್ ಕೂರಿಸಿದ್ದರು. ಇವತ್ತು ಆ ಸೀಲೇ ಜೀಪು ಮೂಲದ್ದಲ್ಲ ಅನ್ನುವುದಕ್ಕೆ ದಾಖಲೆ.

ಉಳಿದವರು ಏನು ಮಾಡುತ್ತಾರೆ? ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ನವೀಕರಣಕ್ಕೆ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಪ್ರಮಾಣಪತ್ರ, ಬೇಕು. ಎಫ್‌ಸಿ ಹಿಂದಿನ ದಿನ ಗ್ಯಾರೇಜಿನಲ್ಲಿ ದಪ್ಪ ಟೈರು ಇಳಿಯುತ್ತದೆ, ಯಾರದೋ ಗಾಡಿಯ ಕಂಪನಿ ಟೈರು ಏರುತ್ತದೆ. ಎತ್ತರದ ಸಸ್ಪೆನ್ಷನ್ ಬಿಚ್ಚಿ ಹಳೆಯದು ಹಾಕುತ್ತಾರೆ. ಮಾರನೇ ದಿನ ಎಲ್ಲ ವಾಪಸ್. ಅಂದರೆ ಸರ್ಕಾರ ಪರೀಕ್ಷಿಸಿದ ಗಾಡಿ ಬೇರೆ, ರಸ್ತೆಯಲ್ಲಿ ಓಡುವ ಗಾಡಿ ಬೇರೆ. ಹೇಳದೇ ಮಾಡಿದ ಮಾರ್ಪಾಡನ್ನು ಕಾರಣವಾಗಿ ತೋರಿಸಿ ವಿಮೆ ಕಂಪನಿ ಕ್ಲೈಮ್ ತಳ್ಳಿಹಾಕಬಹುದು. ಬೇರೆಯವರಿಂದ ಇಂಥ ಕಾರು ಕೊಳ್ಳುವವರು ಆರ್‌ಸಿಯಲ್ಲಿನ ಇಂಜಿನ್ ನಂಬರು, ಇಂಧನ, ಬಣ್ಣ, ಸೀಟಿನ ಸಂಖ್ಯೆ ಗಾಡಿಗೆ ಹೊಂದುತ್ತದಾ ಅಂತ ತಾವೇ ನೋಡಿಕೊಳ್ಳಬೇಕು. ಯಾಕೆಂದರೆ ಕಾರಿನ ಜೊತೆ ತಕರಾರೂ ಕೈ ಬದಲಾಗುತ್ತದೆ.

ಈಗ ಎಫ್‌ಸಿಯ ಕೆಲಸ ನಿಧಾನಕ್ಕೆ ಯಂತ್ರಗಳಿಗೆ ಹೋಗುತ್ತಿದೆ. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮ 2021ರಲ್ಲಿ ಬಂತು. ಅಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ ಒಂದೊಂದು ಚಕ್ರದ ಬ್ರೇಕ್ ಎಷ್ಟು ಹಿಡಿಯುತ್ತದೆ ಅಂತ ಅಳೆಯುತ್ತಾರೆ. ಸಸ್ಪೆನ್ಷನ್, ಹೆಡ್‌ಲೈಟ್, ಹೊಗೆ, ಚಕ್ರ ಪಕ್ಕಕ್ಕೆ ಎಳೆಯುವುದು ಎಲ್ಲ ಅಂಕಿಯಲ್ಲಿ ಬರುತ್ತದೆ. 1990ರ ದಶಕದ ಬ್ರೇಕ್ ಇನ್ಸ್‌ಪೆಕ್ಟರಿಗೆ ಇಲ್ಲದ ಸಲಕರಣೆ ಇದು. ಆದರೆ ಆ ಕೇಂದ್ರಕ್ಕೆ ಇರುವ ಅಧಿಕಾರ, ಆರ್‌ಸಿಯಲ್ಲಿ ಈಗಾಗಲೇ ಇರುವ ಗಾಡಿ ರಸ್ತೆಗೆ ಯೋಗ್ಯವಾ ಅಂತ ಹೇಳುವುದು ಮಾತ್ರ. ಹೊಸ ಸಸ್ಪೆನ್ಷನ್ ಹಾಕಿದ ಕಾರನ್ನು ಅದೇ ರೋಲರ್ ಮೇಲೆ ನಿಲ್ಲಿಸಿ, ಬಂದ ಅಂಕಿಯನ್ನು ಆರ್‌ಸಿಗೆ ಏರಿಸಿಕೊಡಿ ಅಂತ ಕೇಳಲು ಅಲ್ಲಿ ಇನ್ನೂ ಅವಕಾಶ ಕೊಟ್ಟಿಲ್ಲ.