ಹೊಸ ಟಾರ್ಚ್ ಎರಡೇ ನಿಮಿಷಕ್ಕೆ ಮಂಕಾಗುವುದೇಕೆ?

ಪ್ರಶ್ನೆ: ಮಳೆಗಾಲಕ್ಕೆಂದು ಅಂಗೈಯಲ್ಲಿ ಅಡಗುವ ಎಲ್‌ಇಡಿ ಟಾರ್ಚ್ ತಂದೆ. ಡಬ್ಬಿಯ ಮೇಲೆ 1000 ಲುಮೆನ್ (ಒಟ್ಟು ಬೆಳಕಿನ ಅಳತೆ) ಎಂದಿದೆ. ಹಚ್ಚಿದ ಕೂಡಲೇ ಅಂಗಳವೆಲ್ಲ ಹಗಲಾಗುತ್ತದೆ. ಎರಡು ನಿಮಿಷ ಕಳೆಯುವುದರೊಳಗೆ ಬಿಸಿಯಾಗಿ ಬೆಳಕು ಇಳಿಯುತ್ತದೆ. ಅಂಗಡಿಗೆ ವಾಪಸು ಕೊಡಲೇ? (ಬ್ರಹ್ಮಾವರದ ಓದುಗರೊಬ್ಬರು)

ವಾಪಸು ಕೊಡುವ ಮೊದಲು ಟಾರ್ಚ್ ಆರಿಸಿ, ಪೂರ್ತಿ ತಣಿಯಲು ಬಿಟ್ಟು, ಮತ್ತೆ ಹಚ್ಚಿ ನೋಡಿ. ಮೊದಲಿನಷ್ಟೇ ಬೆಳಕು ಬಂದರೆ ಅದು ಕೆಟ್ಟಿಲ್ಲ.

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂದು ನಾವು ನಂಬಿಬಿಟ್ಟಿದ್ದೇವೆ. ನಿಜವಾಗಿ, ಒಳಗೆ ಹೋದ ವಿದ್ಯುತ್ತಿನ ದೊಡ್ಡ ಪಾಲು ಆ ಪುಟ್ಟ ಚಿಪ್‌ನ ಬುಡದಲ್ಲೇ ಶಾಖವಾಗುತ್ತದೆ. ಮನೆಯ 9 ವ್ಯಾಟ್ ಬಲ್ಬ್ ಸುಮಾರು 900 ಲುಮೆನ್ ಕೊಡುತ್ತದೆ; ಅದರ ಮೈ ಎಷ್ಟು ದೊಡ್ಡದು, ನಿಮ್ಮ ಟಾರ್ಚ್‌ನ ಮೈ ಎಷ್ಟು ಚಿಕ್ಕದು! ಶಾಖ ಹೊರಗೆ ಹೋಗಲು ಜಾಗ ಸಾಲದು. ಚಿಪ್ ಮತ್ತು ಬ್ಯಾಟರಿ ಉಳಿಯಲೆಂದು ಒಳಗಿನ ಸರ್ಕ್ಯೂಟ್ ತಾನೇ ಕರೆಂಟು ತಗ್ಗಿಸುತ್ತದೆ. ಮೈ ಬಿಸಿಯಾಗುವುದು ಒಳ್ಳೆಯ ಲಕ್ಷಣವೇ, ಶಾಖ ಹೊರಗೆ ಬರುತ್ತಿದೆ ಎಂದರ್ಥ.

ನಾನೂ ಈ ಆಟಿಯಲ್ಲಿ ಅಂಥದ್ದೇ ಒಂದನ್ನು ಕೊಂಡೆ. ಚಾವಡಿಯ ಮೇಜಿನ ಮೇಲೆ ನಿಲ್ಲಿಸಿ ಹಚ್ಚಿದಾಗ ನಿಮ್ಮದರಂತೆಯೇ ಬೇಗ ಇಳಿಯಿತು. ಅದನ್ನೇ ಮಳೆಯಲ್ಲಿ ಒದ್ದೆ ಕೈಯಲ್ಲಿ ಹಿಡಿದು ತೋಟಕ್ಕೆ ಇಳಿದೆ, ಪಂಪ್‌ಶೆಡ್ ಮುಟ್ಟುವವರೆಗೂ ಬೆಳಕು ಕುಗ್ಗಲಿಲ್ಲ. ನೀರು ಶಾಖವನ್ನು ಎಳೆದುಕೊಂಡಿತ್ತು.

ಹಾಗಾದರೆ ಡಬ್ಬಿಯ ಅಂಕಿ ಸುಳ್ಳೇ? ಅಳೆಯುವ ಕ್ರಮ ತಿಳಿದರೆ ಗೊಂದಲ ಉಳಿಯದು. ಟಾರ್ಚ್‌ಗಳಿಗೆಂದೇ ಇರುವ ಎಫ್‌ಎಲ್1 ಎಂಬ ಮಾನದಂಡದಲ್ಲಿ ಲುಮೆನ್ ಅಳೆಯುವುದು ಹಚ್ಚಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ. ‘ಇಷ್ಟು ಗಂಟೆ ಉರಿಯುತ್ತದೆ’ ಎಂಬ ಲೆಕ್ಕ ಬೆಳಕು ಆರಂಭದ ಶೇ. 10ಕ್ಕೆ ಇಳಿಯುವವರೆಗಿನದು. ದೂರದ ಲೆಕ್ಕವಂತೂ ಬೆಳಕು 0.25 ಲಕ್ಸ್‌ಗೆ, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ, ಇಳಿಯುವ ಜಾಗದವರೆಗೆ. 120 ಮೀಟರ್ ಎಂದಿದ್ದರೆ 60 ಮೀಟರ್‌ನಲ್ಲಿ ಅದರ ನಾಲ್ಕು ಪಟ್ಟು ಬೆಳಕು ಇರುತ್ತದೆ. ಆ ಅರ್ಧ ದೂರವನ್ನೇ ನಂಬಿ.

ಬೆಳಕು ಅರ್ಧಕ್ಕೆ ಇಳಿದರೂ ಕಣ್ಣಿಗೆ ಅರ್ಧವೆನಿಸುವುದಿಲ್ಲ, ಸ್ವಲ್ಪ ಮಂಕಾದಂತೆ ಕಾಣುತ್ತದೆ ಅಷ್ಟೆ. ನಮ್ಮ ಊರಿನ ಕೆಲಸಕ್ಕೆ 100–200 ಲುಮೆನ್ ಧಾರಾಳ. ಜಡಿಮಳೆಯಲ್ಲಿ ಪೂರ್ತಿ ಬೆಳಕು ಬಿಟ್ಟರೆ ಹನಿಗಳೇ ಹೊಳೆದು ಕಣ್ಣಿಗೆ ಬಿಳಿ ಪರದೆ ಕಟ್ಟುತ್ತವೆ, ಕಾಲಬುಡ ಕಾಣುವುದಿಲ್ಲ. ತಗ್ಗಿಸಿ, ಸೊಂಟದ ಮಟ್ಟದಲ್ಲಿ ಹಿಡಿದು ನಡೆಯಿರಿ.

ಮುಂದೆ ಕೊಳ್ಳುವವರಿಗೆ ಒಂದು ಮಾತು: ಲುಮೆನ್‌ಗಿಂತ ಬೆಳಕಿನ ಬಣ್ಣ ನೋಡಿ. ನೀಲಿಛಾಯೆಯ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಟಾರ್ಚ್‌ಗಳಲ್ಲಿ ಸಾಮಾನ್ಯವಾಗಿ ಕಂದು ಬಣ್ಣಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಒಣಗಿದ ಅಡಿಕೆ ಸೋಗೆಯ ನಡುವೆ ಮಲಗಿದ ಕೊಳಕುಮಂಡಲವನ್ನು ಗುರುತಿಸಬೇಕಾದ ನಮಗೆ 4000 ಕೆಲ್ವಿನ್ ಆಸುಪಾಸಿನ, ಸಿಆರ್‌ಐ (ಬಣ್ಣಗಳನ್ನು ಇದ್ದಂತೆಯೇ ತೋರಿಸುವ ಗುಣಕ್ಕೆ ನೂರರೊಳಗಿನ ಅಂಕ) 90 ದಾಟಿದ ಟಾರ್ಚ್ ವಾಸಿ. ಲುಮೆನ್ ತುಸು ಕಡಿಮೆಯಾದರೂ ನಾನು ಅದನ್ನೇ ಆರಿಸುತ್ತೇನೆ.

ತಣಿದ ಮೇಲೂ ಬೆಳಕು ಮರಳದಿದ್ದರೆ ಪೂರ್ತಿ ಚಾರ್ಜ್ ಮಾಡಿ. ಬ್ಯಾಟರಿಯ ತುದಿಗಳನ್ನೂ ಮುಚ್ಚಳದ ತಿರುಪಿನ ಮರೆಯನ್ನೂ ಒಣಬಟ್ಟೆಯಿಂದ ಒರೆಸಿ, ಕಡಲ ಬದಿಯ ಉಪ್ಪುಗಾಳಿಗೆ ಅಲ್ಲಿ ಕಿಲುಬು ಕಟ್ಟುತ್ತದೆ. ಅದಕ್ಕೂ ಸರಿಹೋಗದಿದ್ದರೆ ಬಿಲ್ ಹಿಡಿದು ಅಂಗಡಿಗೆ ಹೋಗಿ.